ಬಾಲವಿಲ್ಲದ ಹಕ್ಕಿ

ಸುನಿಲಕುಮಾರ ಬಾಗಿಲಲ್ಲೇ ಟೊಪ್ಪಿಗೆ ತೆಗೆದು ಹಿಮ ಕೊಡವಿದ. ಕಿವಿ ಮುಚ್ಚುವ, ನೆತ್ತಿಯ ಮೇಲೆ ಉಣ್ಣೆಯ ದಪ್ಪ ಚೆಂಡಿರುವ ಅದೇ ಟೊಪ್ಪಿಗೆ. ಅದನ್ನು ಕಂಡಾಗಲೆಲ್ಲ ಇಳಾಳ ಗಂಡ ಪ್ರಭಂಜನ, "ಬಾ ಮಗಾ, ತೊಟ್ಟಿಲಿಗೆ ಹಾಕಿ ತೂಗ್ತೀನಿ" ಎಂದು ರೇಗಿಸುತ್ತಿದ್ದ. ತಾನು ಮಾತ್ರ ಎಂಥ ಚಳಿಯಲ್ಲೂ ಬರಿದಲೆಯಲ್ಲೇ ಓಡಾಡುತ್ತಿದ್ದ.

"ಸಿಕ್ಕಿತಾ?" ಎಂದಳು ಇಳಾ.

"ತಂದೀನ್ರಿ ವೈನಿ." ಕಂಕುಳಲ್ಲಿದ್ದ ಉದ್ದನೆಯ ರಟ್ಟಿನ ಕೊಳವೆಯನ್ನು ಅವನು ಮೇಜಿನ ಮೇಲಿಟ್ಟ. ಬಿಚ್ಚಲಿಲ್ಲ. ಟೊಪ್ಪಿಗೆಯನ್ನು ಕೈಯಲ್ಲೇ ಹಿಂಡುತ್ತ ಕುಳಿತ. "ಮೊದಲ ಒಂದ್ ಕಪ್ ಚಾ ಕುಡಿಯೂಣಲ್ಲ?"

"ಚಹಾಪುಡಿ, ಪಾತ್ರೆ ಎಲ್ಲ ಪೆಟ್ಟಿಗೆ ಸೇರಿದೆ."

ಜರ್ಮನಿಯ ಉಂಟರ್‌ಫ್ಯೋರಿಂಗಿನಲ್ಲಿದ್ದ ಆ ಗೆಳೆಯರಿಬ್ಬರ ಕಂಪನಿ ಹೆಸರು, ಬಣ್ಣ, ಲೋಗೋ ಎಲ್ಲವನ್ನೂ ಬದಲಾಯಿಸಿಕೊಂಡಿತ್ತು. ಹೊಸ ಲೋಗೋ ಒಂದು ಹಕ್ಕಿ. ನವೆಂಬರಿನ ಒಂದು ಬೆಳಗ್ಗೆ ಕೆಲಸದವರಿಗೆಲ್ಲ ನೀಲಿ ರೇನ್‌ಕೋಟು ತೊಡಿಸಿ, ಪಾರ್ಕಿಂಗ್ ಅಂಗಳದಲ್ಲಿ ಹಕ್ಕಿಯ ಆಕಾರಕ್ಕೆ ನಿಲ್ಲಿಸಿ, ಕ್ರೇನಿನ ಮೇಲಿಂದ ಫೋಟೋ ತೆಗೆದಿದ್ದರು. ಪ್ರಭಂಜನ, ಸುನಿಲಕುಮಾರ ಇಬ್ಬರೂ ಬಾಲದ ತುದಿಯಲ್ಲಿದ್ದರು. "ಇಡೀ ಹಕ್ಕಿ ಹಾರೋದೇ ನಮ್ಮಿಂದ ಕಣೇ" ಎಂದು ಪ್ರಭಂಜನ ಮನೆಗೆ ಬಂದು ಹೇಳಿದ್ದ. ಮರುವಾರ ಆಟೋಬಾನ್ ಹೆದ್ದಾರಿಯ ಮಂಜಿನಲ್ಲಿ ಒಂದು ಲಾರಿ ಅವನ ಕಾರಿನ ಮೇಲೆ ಬಂತು.

ಜರ್ಮನಿಗೆ ಬಂದ ಮೇಲೆ ಅವನದು ಬೇರೆ ಒಂದು ಫೋಟೋ ಇಲ್ಲ. ಕ್ಯಾಮೆರಾ ಸದಾ ಅವನ ಕೈಯಲ್ಲೇ. ಆಲ್ಬಮ್ಮಿನ ತುಂಬ ಇಳಾ: ಕೋಟೆಯ ಮುಂದೆ, ಹಿಮದಲ್ಲಿ, ಬಾಣಲೆ ಹಿಡಿದು ಅಡುಗೆಮನೆಯಲ್ಲಿ. ಎಲ್ಲದರಲ್ಲೂ ನಗುತ್ತಿದ್ದಾಳೆ. ಯಾರನ್ನು ನೋಡಿ ನಗುತ್ತಿದ್ದಾಳೆಂಬುದು ಮಾತ್ರ ಯಾವುದರಲ್ಲೂ ಕಾಣದು.

"ಬಿಚ್ಚಿ ಸುನಿಲ್. ಶನಿವಾರ ಊರಿಗೆ ನನ್ನ ಫ್ಲೈಟು."

ಅವನು ತಲೆ ತಗ್ಗಿಸಿದ. "ವೈನಿ, ಹ್ಯಾಂಬುರ್ಗಿಂದ ಯಾರೋ ಒಬ್ಬ ಡಿಸೈನರ್ ಬಂದಿದ್ದ. ಬಾಲ ಭಾಳ ಉದ್ದ ಆತು, ಹಕ್ಕಿ ಭಾರ ಕಾಣತೈತಿ ಅಂದ. ಲೋಗೋದಾಗ ಬಾಲ ತೆಗದ್ರು. ಮತ್ತ ಎಲ್ಲಾರನೂ ಯಾಕ ನಿಲ್ಲಸೋದು ಅಂತ ಫೋಟೋದಾಗೂ ಅಳಿಸಿಬಿಟ್ರು. ಕಂಪ್ಯೂಟರಿನ್ಯಾಗ."

"ಮೊದಲಿನದು ಇರುತ್ತಲ್ಲ?"

"ಕೇಳಿದೆ. ಅದರ ಮ್ಯಾಲೇನ ಸೇವ್ ಮಾಡ್ಯಾರಂತ." ಅವನು ನಗಲು ನೋಡಿದ. "ಬಾಲದಾಗ ನಿಂತವರೆಲ್ಲಾ ಜರ್ಮನಿ ಗ್ರೀನ್ ಕಾರ್ಡ್ ಮ್ಯಾಲೆ ಬಂದ ನಮ್ಮ ಮಂದಿ. ಅರ್ಧಾ ಮಂದೀನ ಈಗ ಕಂಪನಿಯಿಂದನೂ ಅಳಿಸ್ಯಾರ."

ಇಳಾಗೆ ಅಳು ಬರಲಿಲ್ಲ. ಎರಡು ತಿಂಗಳಿಂದಲೂ ಬಂದಿರಲಿಲ್ಲ. ಅವಳು ಎದ್ದು ಕಿಟಕಿಯ ಪರದೆ ಸರಿಸಿದಳು, ಮತ್ತೆ ಎಳೆದಳು. ತಿರುಗುವಷ್ಟರಲ್ಲಿ ಅವನೇ ಕೊಳವೆಯೊಳಗಿದ್ದ ಆ ಫೋಟೋದ ಪೋಸ್ಟರನ್ನು ಹರಡಿ, ಮೂಲೆಗಳಿಗೆ ಕತ್ತರಿ, ಟೇಪು, ಬೀಗದ ಕೈ ಇಟ್ಟಿದ್ದ. ರೆಕ್ಕೆ ಚಾಚಿದ ನೀಲಿ ಹಕ್ಕಿ. ಬಾಲವಿದ್ದ ಕಡೆ ಖಾಲಿ ಕಲ್ಲುಹಾಸು.

"ಆದ್ರ ಇಲ್ಲಿ ನೋಡ್ರಿ." ಅವನ ಬೆರಳು ಆ ಖಾಲಿ ಕಲ್ಲುಗಳ ಕೊನೆಯಲ್ಲಿ ನಿಂತಿತು. "ಮಂದೀನೆಲ್ಲಾ ಅಳಿಸ್ಯಾರ, ಒಂದ ನೆರಳು ಅಳಸೋದು ಮರತಾರ. ಇದು ಪ್ರಭಂಜನಂದ ರೀ. ಖರೇನ. ಅಂವ ಇಲ್ಲೇ ನಿಂತಿದ್ದ."

ಇಳಾ ಬಾಗಿ ನೋಡಿದಳು. ಬೆಳಗಿನ ಬಿಸಿಲಿಗೆ ಉದ್ದಕ್ಕೆ ಬಿದ್ದ ನೆರಳು. ಕಾಲು, ಕೋಟು, ಹೆಗಲು. ನೆತ್ತಿಯ ಮೇಲೆ ಗುಂಡಗೆ ಒಂದು ಚೆಂಡು.

ತಲೆಯೆತ್ತಿದಳು. ಸುನಿಲಕುಮಾರನ ಕೈಯಲ್ಲಿ ಈಗ ಟೊಪ್ಪಿಗೆ ಇರಲಿಲ್ಲ. ಜಾಕೆಟ್ಟಿನ ಜೇಬು ಉಬ್ಬಿತ್ತು. ಅವನು ಅವಳ ಮುಖವನ್ನೇ ನೋಡುತ್ತಿದ್ದ.

"ಹೌದು," ಎಂದಳು. "ಅವರದೇ."

ಅವನು ಹೊರಟ ಮೇಲೆ ಕಿಟಕಿಯ ಬಳಿ ನಿಂತಳು. ಹಿಮ ಇನ್ನೂ ಜೋರಾಗಿತ್ತು. ಅವನ ಕೂದಲ ಮೇಲೆ ಬೆಳ್ಳಗೆ ಕೂರುತ್ತಿತ್ತು. ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವನು ಜೇಬಿಗೆ ಕೈ ಹಾಕಲಿಲ್ಲ.