ಸಂಗಾತಿಯ ಜಾಗದಲ್ಲಿ ಇಬ್ಬರು

"ಸಿಕ್ಕಿಬಿದ್ದ ಕಳ್ಳ!" ಎಂದು ಪ್ರೋಗ್ರಾಮರ್ ಮೇಜಿಗೆ ಗುದ್ದಿದ ಏಟಿಗೆ ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಯ ಕಾಫಿ ತುಳುಕಿತು.

ಇಬ್ಬರಿಗೂ ಒಂದೇ ವಿಮಾ ಕಂಪನಿಯಲ್ಲಿ ಕೆಲಸ. ಕೋಡ್ ಬರೆಯುವುದು ಅವನು, ಅದನ್ನು ಪರೀಕ್ಷಿಸುವುದು ಅವಳು. ಈಗ ಕಂಪನಿಯ ಸಿಬ್ಬಂದಿಯೂ ಸೇರಿದಂತೆ ಹಳೆಯ ಪಾಲಿಸಿದಾರರೆಲ್ಲರ ಮಾಹಿತಿಯನ್ನು ಹೊಸ ವ್ಯವಸ್ಥೆಗೆ ಸಾಗಿಸಬೇಕಿತ್ತು. ಹಳೆಯದೆಲ್ಲ ಜೇಸನ್ ಎಂಬ ಮಾದರಿಯ ಫೈಲುಗಳಲ್ಲಿತ್ತು: ಪಾಲಿಸಿಯೊಳಗೆ ವ್ಯಕ್ತಿ, ವ್ಯಕ್ತಿಯೊಳಗೆ ಕುಟುಂಬ, ಕುಟುಂಬದೊಳಗೆ ಸಂಗಾತಿ, ಮಕ್ಕಳು, ಒಂದರ ಹೊಟ್ಟೆಯಲ್ಲಿ ಇನ್ನೊಂದು. ಅವನ ಕೋಡ್ ಅದನ್ನೆಲ್ಲ ಬಿಚ್ಚಿ, ಯಾವ ಜಾಗದಲ್ಲಿ ಏನಿರಬೇಕೋ ಅದೇ ಇದೆಯೇ ಎಂದು ಟೈಪ್, ಅಂದರೆ ಮಾಹಿತಿಯ ಬಗೆ, ನೋಡಿ, ಆಬ್ಜೆಕ್ಟುಗಳೆಂಬ ಹೊಸ ಖಾನೆಗಳಿಗೆ ತುಂಬುತ್ತಿತ್ತು. ಗೋಪ್ಯತೆಗಾಗಿ ಹೆಸರು, ವಿಳಾಸ, ದಿನಾಂಕಗಳನ್ನು ಮುಚ್ಚಿಡಲಾಗಿತ್ತು; ಜಾಗ ತುಂಬಿದೆಯೋ ಖಾಲಿಯೋ ಎಂಬುದಷ್ಟೇ ಕಾಣುತ್ತಿತ್ತು. ಪೂರ್ತಿ ತುಂಬಿದ ಮೇಲಷ್ಟೇ ಅವು ತೆರೆದುಕೊಳ್ಳುತ್ತಿದ್ದವು.

ಕೆಲಸ ಹೂವೆತ್ತಿದಂತೆ ಸಾಗಿತ್ತು. ಒಂದೇ ಒಂದು ರೆಕಾರ್ಡ್ ಮಾತ್ರ ಹಟ ಹಿಡಿದಿತ್ತು.

"ನೋಡಿಲ್ಲಿ. ಸಂಗಾತಿ ಅನ್ನೋ ಕಡೆ ಒಬ್ಬರೇ ಇರಬೇಕು ಅಂತ ಬರೆದಿದೀನಿ. ಇಲ್ಲಿ ಪಟ್ಟಿನೇ ಬಂದಿದೆ. ಇಬ್ಬರು! ವಿಚ್ಛೇದನದ ದಿನಾಂಕ ಎರಡು ಕಡೆನೂ ಖಾಲಿ. ಪುಣ್ಯಾತ್ಮ ಜೋಡಿ ಸಂಸಾರ ನಡೆಸ್ತಿದಾನೆ."

ಹೆಂಡತಿ ಚೆಲ್ಲಿದ ಕಾಫಿಯನ್ನು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ಹಳೇ ಮಾಹಿತಿ ಅಲ್ವೇನ್ರೀ. ಯಾರೋ ತಪ್ಪು ತುಂಬಿರ್ತಾರೆ."

"ತಪ್ಪಲ್ಲ, ಮೋಸ."

"ಏನು ಕಷ್ಟ ಇತ್ತೋ. ಬಿಟ್ಟುಹೋದವರು ಎಲ್ಲಿದಾರೆ ಅಂತಾನೇ ಗೊತ್ತಿಲ್ಲದಿದ್ರೆ ಎಷ್ಟು ವರ್ಷ ಅಂತ ಕಾಯೋದು? ಇಬ್ಬರು ಬಂದ್ರೆ ಕಡೆಯವರನ್ನ ಮಾತ್ರ ತಗೋ ಅಂತ ಒಂದು ಸಾಲು ಬರೆದುಬಿಡಿ. ಕಡೆಯವರೇ ಇರಲಿ."

ಅವನಿಗೆ ನಗು ಬಂತು. "ಮೋಸಗಾರನ ಮೇಲೆ ನಿನಗ್ಯಾಕೆ ಇಷ್ಟು ಕನಿಕರ? ಆ ಎರಡನೆಯವಳ ಗತಿ ಯೋಚನೆ ಮಾಡು. ಪಾಪ, ಏನೂ ಗೊತ್ತಿಲ್ಲದೆ ಬಾಳ್ತಾ ಇರ್ತಾಳೆ."

"ಗೊತ್ತಿಲ್ಲದೆ ಸುಖವಾಗಿರಬಹುದಲ್ವಾ?"

"ಅದೂ ಒಂದು ಸುಖಾನಾ? ಅಂಥವರಿಗೆ ಸತ್ಯ ತಿಳಿಸೋದೇ ಉಪಕಾರ ಕಣೇ."

ಉಪಕಾರ ಮಾಡಲು ಅವನ ಬೆರಳುಗಳು ತುರಿಸುತ್ತಿದ್ದವು. ಸಂಗಾತಿಯ ಟೈಪನ್ನು ಒಬ್ಬರಿಂದ ಪಟ್ಟಿಗೆ ಬದಲಾಯಿಸಿದ. ಇಬ್ಬರು ಸಂಗಾತಿಗಳ ರೆಕಾರ್ಡ್ ಬಂದರೆ ನೇರವಾಗಿ ತನಿಖಾ ವಿಭಾಗಕ್ಕೆ, ಜೊತೆಗೊಂದು ಪ್ರತಿ ಮ್ಯಾನೇಜರಿಗೆ ಹೋಗಬೇಕೆಂದು ಕೆಳಗೆ ಇನ್ನೆರಡು ಸಾಲು ಸೇರಿಸಿದ. ಮ್ಯಾನೇಜರ್ ಎಲ್ಲರೆದುರು ತನ್ನ ಬೆನ್ನು ತಟ್ಟುವುದು ಆಗಲೇ ಅವನ ಕಣ್ಣಿಗೆ ಕಟ್ಟಿತು.

ಹೆಂಡತಿ ಅವನ ಭುಜದ ಮೇಲೆ ಕೈಯಿಟ್ಟಳು. "ಮೊದಲು ಊಟ ಮಾಡೋಣ ಬನ್ನಿ. ಇದು ಎಲ್ಲಿಗೂ ಓಡಿಹೋಗಲ್ಲ."

"ನೀನು ನಡಿ, ಬಂದೆ. ಆ ಮಹಾನುಭಾವನ ಹೆಸರೊಂದು ನೋಡಿಬಿಡ್ತೀನಿ."

ಅವಳ ಕೈ ಭುಜದ ಮೇಲೆ ಇನ್ನೊಂದು ಗಳಿಗೆ ಉಳಿಯಿತು. ಆಮೇಲೆ ಚೀಲ ಎತ್ತಿಕೊಂಡು, ಊಟದ ಕೋಣೆಯ ಕಡೆಗಲ್ಲದೆ ಮೆಟ್ಟಿಲುಗಳ ಕಡೆಗೆ ನಡೆದಳು. ಪರದೆಯಲ್ಲಿ ಕಣ್ಣು ನೆಟ್ಟಿದ್ದ ಅವನು ಅದನ್ನು ನೋಡಲಿಲ್ಲ.

ಗುಂಡಿ ಒತ್ತಿದ. ಈ ಸಲ ರೆಕಾರ್ಡ್ ತಕರಾರಿಲ್ಲದೆ ತುಂಬಿಕೊಂಡಿತು. ತನಿಖಾ ವಿಭಾಗಕ್ಕೆ ತಲುಪಿದೆ ಎಂಬ ಹಸಿರು ಅಕ್ಷರಗಳು ಮೂಡಿದವು. ಮುಚ್ಚಿದ್ದ ಹೆಸರುಗಳು ಒಳಗಿನಿಂದ ಹೊರಕ್ಕೆ ಒಂದೊಂದಾಗಿ ತೆರೆಯತೊಡಗಿದವು. ಮೊದಲನೆಯ ಸಂಗಾತಿ ಯಾರೋ ಅಪರಿಚಿತ, ಗಂಡಸು.

"ಓಹೋ, ಕಳ್ಳ ಅಲ್ಲ, ಕಳ್ಳಿ!" ಎಂದು ಗಟ್ಟಿಯಾಗಿ ನಕ್ಕ.

ಎರಡನೆಯ ಸಂಗಾತಿಯ ಜಾಗದಲ್ಲಿ ತೆರೆದುಕೊಂಡದ್ದು ಅವನದೇ ಹೆಸರು.