ಅರ್ಧಕ್ಕೆ ಬತ್ತಿಸಿದ ನೀರು

ನಮ್ಮೂರ ನಲ್ಲಿಯಲ್ಲಿ ಬರುವುದು ಬೋರ್‌ವೆಲ್ಲಿನ ಫ್ಲೋರೈಡ್ ನೀರು. ಫಿಲ್ಟರ್ ಆಗಲಿ, ಕ್ಯಾನ್ ನೀರಾಗಲಿ ನಮ್ಮ ಕೈಗೆಟುಕುವುದಲ್ಲ. ಅದಕ್ಕೇ ನಮ್ಮತ್ತೆ ತಮ್ಮದೇ ದಾರಿ ಕಂಡುಕೊಂಡರು. ದಿನಾ ಬೆಳಿಗ್ಗೆ ಸೌದೆ ಒಲೆಯ ಮೇಲೆ ನಲ್ಲಿ ನೀರಿಟ್ಟು, ಕಷಾಯದ ಹಾಗೆ ಅರ್ಧಕ್ಕೆ ಬತ್ತಿಸಿ, ಚಿಟಿಕೆ ಜೀರಿಗೆ ಹಾಕಿ ಮುಚ್ಚಿಡುತ್ತಿದ್ದರು. ಆ ನೀರು ಮೊಮ್ಮಗನಿಗೆ ಮಾತ್ರ.

"ಮಗಳಿಗೂ ಒಂದು ಲೋಟ ಕೊಡಿ ಅತ್ತೆ" ಎಂದು ನಾನು ಎಷ್ಟು ಜಗಳವಾಡಿದರೂ ಅವರದು ಒಂದೇ ಮಾತು: "ಮನೆಮಂದಿಗೆಲ್ಲ ಕುದಿಸೋಕೆ ಸೌದೆ ಎಲ್ಲಿಂದ ತರ್ಲಿ? ಅವಳು ನಲ್ಲೀದೇ ಕುಡೀಲಿ ಬಿಡು. ಹೆಣ್ಣು ಮಗು, ತಡ್ಕೊಳ್ತಾಳೆ."

ಈಗ ಮಗನ ಹಲ್ಲೆಲ್ಲ ಕಂದು. ಕಾಲು ಸೊಟ್ಟಗಾಗಿ ನಡೆಯಲು ಕಷ್ಟಪಡುತ್ತಾನೆ. ಆಸ್ಪತ್ರೆಯಲ್ಲಿ ಡಾಕ್ಟರು ಇಬ್ಬರು ಮಕ್ಕಳನ್ನೂ ನೋಡಿದರು. ಮಗಳ ಹಲ್ಲಿನ ಮೇಲೆ ಒಂದೆರಡು ಬಿಳಿ ಚುಕ್ಕೆ, ಅಷ್ಟೆ.

"ಒಂದೇ ಮನೆ, ಒಂದೇ ನೀರು. ಇವನಿಗೆ ಮಾತ್ರ ಯಾಕೆ ಇಷ್ಟು?" ಎಂದರು.

"ಒಂದೇ ನೀರಲ್ಲ ಡಾಕ್ಟ್ರೇ," ಅತ್ತೆ ಮುಂದೆ ಬಂದರು. "ಇವನಿಗೆ ಹಸಿನೀರು ಮುಟ್ಟಿಸೇ ಇಲ್ಲ. ಅರ್ಧಕ್ಕೆ ಬತ್ತೋವರೆಗೂ ಕುದಿಸೇ ಕೊಟ್ಟಿದೀನಿ."

ಡಾಕ್ಟರು ಕನ್ನಡಕ ತೆಗೆದಿಟ್ಟರು. "ಅಜ್ಜೀ, ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಬತ್ತಿದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚಾಗುತ್ತೆ."

"ಮತ್ತೆ ಇವನಿಗೇನು ಕುಡಿಸಲಿ?" ಎಂದೆ.

"ಕ್ಯಾನ್ ನೀರು."

"ಅಜ್ಜೀ, ನೀರು" ಅಂದ ಮಗ. ಎಂದಿನಂತೆ ಚೀಲದೊಳಗೆ ಹೋದ ಅತ್ತೆಯ ಕೈ, ಬಾಟಲಿ ಹಿಡಿದು ಅಲ್ಲೇ ನಿಂತುಬಿಟ್ಟಿತು.