ಕುದುರೆ ವರ್ಷದ ಮಗಳು

ಕುದುರೆ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನ ತಲೆಯ ಮೇಲೆ ಕೂರುತ್ತಾಳೆ ಎಂದು, ವರ್ಷಕ್ಕೊಂದು ಪ್ರಾಣಿಯ ಹೆಸರಿಡುವ ಕೊರಿಯಾದ ಹಿರಿಯರು ಹೇಳುವುದುಂಟು. ಅದಕ್ಕೇ, ಆ ವರ್ಷದ ಕೊನೆಯಲ್ಲಿ ಮಗಳು ಹುಟ್ಟಿದಾಗ ತಾಯಿ ಬಾಗಿಲು ಹಾಕಿಕೊಂಡು ಕೂತಳು. ಮುಂದಿನ ಕುರಿ ವರ್ಷ ಕಾಲಿಟ್ಟ ಮೇಲೆಯೇ ಕೂಸು ಹುಟ್ಟಿತೆಂದು ಊರಿಗೆಲ್ಲ ಸಾರಿದಳು. ಮಗಳಿಗೂ ಅದನ್ನೇ ಹೇಳಿ ಬೆಳೆಸಿದಳು.

ಈಗ ಮಗಳು ಮೆಚ್ಚಿದ ಹುಡುಗನ ತಾಯಿ, ಈ ತಾಯಿ-ಮಗಳಿಬ್ಬರನ್ನೂ ಜೋಯಿಸನ ಮುಂದೆ ಕೂರಿಸಿದ್ದಳು. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು, ಈ ನಾಲ್ಕು ಕಂಬ ಕೂಡಿಬರದೆ ಸೊಸೆ ತರುವವಳಲ್ಲ ಅವಳು.

"ಹುಡುಗ ನಾಯಿ ವರ್ಷ, ಹುಡುಗಿ ಕುರಿ ವರ್ಷ. ದಿನಾ ಕಚ್ಚಾಟವೇ ತಾಯಿ, ಬಿಟ್ಟುಬಿಡಿ," ಎಂದ ಜೋಯಿಸ.

"ಹುಡುಗಿ ನಂಗೂ ಹಿಡಿಸಿದ್ಳು. ಬೇರೆ ದಾರಿಯೇ ಇಲ್ವಾ?"

"ನಿಮ್ಮ ಮಗನ್ನ ತಡ್ಕೊಳ್ಳೋಳು ಕುದುರೆ ವರ್ಷದೋಳು ಮಾತ್ರ. ಈಕೆ ಒಂದು ತಿಂಗಳು ಮುಂಚೆ ಹುಟ್ಟಿದ್ರೆ ನಾನೇ ನಿಂತು ಮದ್ವೆ ಮಾಡಿಸ್ತಿದ್ದೆ."

ಹುಡುಗಿಯ ತಾಯಿ ಕೂತಲ್ಲಿಂದ ಎದ್ದೇಬಿಟ್ಟಳು.

"ಹುಟ್ಟಿದ್ದು ಆಗಲೇ! ಇವಳು ಕುದುರೆ ವರ್ಷದೋಳೇ ಬೀಗಿತ್ತಿ, ನಾನೇ ಮುಚ್ಚಿಟ್ಟಿದ್ದೆ!"

"ಓಹೋ, ಈಗ ತಾನೇ ಇನ್ನೊಂದ್ಸಲ ಹೆತ್ರಾ?" ಎಂದಳು ಹುಡುಗನ ತಾಯಿ.

ಸಾಕ್ಷಿಗೆ ಗಂಡನೂ ಇರಲಿಲ್ಲ, ಸೂಲಗಿತ್ತಿಯೂ ಬದುಕಿರಲಿಲ್ಲ. ಹುಡುಗನ ತಾಯಿ ಹುಡುಗಿಯತ್ತ ತಿರುಗಿದಳು. "ನೀನೇ ಹೇಳಮ್ಮ, ನೀನು ಹುಟ್ಟಿದ್ದು ಯಾವ ವರ್ಷ?"

ಮಗಳು ಕಣ್ಣೊರೆಸಿಕೊಂಡು ತಾಯಿಯ ಕೈ ಹಿಡಿದಳು.

"ಕುರಿ ವರ್ಷ. ನಮ್ಮಮ್ಮ ಯಾವತ್ತೂ ಸುಳ್ಳು ಹೇಳೋಳಲ್ಲ, ಇವತ್ತು ನನಗೋಸ್ಕರ ಹೇಳಿಬಿಟ್ಳು. ಕ್ಷಮಿಸಿಬಿಡಿ."